ಮನೋರುಗ್ಣರ ನೆಲೆ: ಒಂದು ಐತಿಹಾಸಿಕ ವಿವೇಚನೆ

‘ಹುಚ್ಚು ಬಿಡುವ ತನಕ ಮದುವೆಯಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ’ ಎಂಬ ಗಾದೆಯನ್ನು ನಮ್ಮ ಭಾಗದಲ್ಲಿ ಕೇಳದವರಿಲ್ಲ. ಹಿಂದಕ್ಕೂ ಮುಂದಕ್ಕೂ ಸಾಗದೆ ನಿಂತ ಕೆಲಸವನ್ನು ಕಂಡು ನಗುತ್ತ ಆಡುವ ಮಾತಿದು. ಆದರೆ ಇಲ್ಲಿ ಮದುವೆಯೆಂಬ ಶಬ್ದವನ್ನು ತೆಗೆದು ಮನೆಯೆಂಬ ಶಬ್ದವನ್ನಿರಿಸಿದರೆ, ಅದೇ ಗಾದೆಯು ನೂರೆಪ್ಪತ್ತು ವರ್ಷಗಳಿಗೂ ಮಿಕ್ಕ ಒಂದು ಇತಿಹಾಸವನ್ನು ಹೇಳತೊಡಗುತ್ತದೆ. ರೋಗ ನೆಟ್ಟಗಾಗುವ ತನಕ ಮನೆಯಿಲ್ಲ. ಮನೆ ದೊರೆಯುವ ತನಕ ರೋಗ ನೆಟ್ಟಗಾಗುವುದಿಲ್ಲ. ಈ ಕಗ್ಗಂಟು ಹೇಗೆ ಬಿದ್ದಿತು, ಅದನ್ನು ಬಿಡಿಸಲು ಯಾರು ಯಾರು ಯತ್ನಿಸಿದರು, ನಮ್ಮ ಜತ್ತ ತಾಲೂಕಿನಂಥ ಗಡಿಸೀಮೆಯವರಿಗೆ ಅದರಿಂದ ತಿಳಿಯತಕ್ಕದ್ದೇನು ಎಂಬುದನ್ನು ನಾವು ಈ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಇತಿಹಾಸವೆಂದರೆ ಅರಸರ ಕಾಳಗಗಳು ಮಾತ್ರವೆಂದು ತಿಳಿದಿರುವ ವಿದ್ಯಾರ್ಥಿಗಳಿಗೆ ಈ ವಿಷಯವು ಹೊಸದೆನಿಸಬಹುದು. ಆದರೆ ಮನಸ್ಸಿನ ಬೇನೆಯಿಂದ ಬಳಲುವ ಒಬ್ಬರಾದರೂ ಇರದ ಊರು ವಿರಳ. ಅವರು ರಾತ್ರಿ ಎಲ್ಲಿ ಮಲಗುತ್ತಾರೆ, ಅವರಿಗೆ ಯಾರು ರೊಟ್ಟಿ ಕೊಡುತ್ತಾರೆ, ಆ ತಾಯಿ ತೀರಿಕೊಂಡ ಮೇಲೆ ಅವರ ಗತಿಯೇನು ಎಂಬ ಪ್ರಶ್ನೆಗಳಿಗೂ ಒಂದು ಇತಿಹಾಸವುಂಟು.

ಹಿಂದಿನ ಕಾಲದಲ್ಲಿ ಇಂಥವರಿಗೆ ಇದ್ದ ನೆಲೆಗಳು ಎರಡು: ಒಂದು ಸ್ವಂತ ಮನೆ, ಇನ್ನೊಂದು ದೇವಸ್ಥಾನ. ಭೀಮಾತೀರದ ಗಾಣಗಾಪುರದ ಹೆಸರನ್ನು ಕೇಳದವರು ನಮ್ಮಲ್ಲಿಲ್ಲ. ಮನಸ್ಸು ಕೆಟ್ಟವರನ್ನು ಕರೆದುಕೊಂಡು ಹೋಗಿ, ಅವರೊಡನೆ ತಾವೂ ಉಳಿದು ದತ್ತಾತ್ರೇಯನ ಸೇವೆ ಮಾಡುವ ಕುಟುಂಬಗಳು ಅಲ್ಲಿ ಹಿಂದಿನಿಂದಲೂ ಇವೆ. ದೆವ್ವ ಬಿಡಿಸುವುದೆಂಬ ನಂಬಿಕೆಯನ್ನು ಶಿಕ್ಷಕರಾದ ನಾವು ಎತ್ತಿ ಹಿಡಿಯಲಾರೆವು. ಆದರೂ ಒಂದು ಸಂಗತಿಯನ್ನು ಗಮನಿಸಬೇಕು. ಅಲ್ಲಿ ರೋಗಿಯು ಒಬ್ಬಂಟಿಯಾಗಿರುತ್ತಿರಲಿಲ್ಲ. ತಾಯಿಯೋ ಅಣ್ಣನೋ ಹೆಂಡತಿಯೋ ಮಗ್ಗುಲಲ್ಲಿ ಇರುತ್ತಿದ್ದರು. ಈ ಸಂಗತಿಯ ಬೆಲೆಯೇನೆಂಬುದನ್ನು ಮುಂದೆ ನೋಡುವೆವು. ಇನ್ನು ಮನೆಯಲ್ಲಿಯೇ ಇರಿಸಿಕೊಂಡವರ ಸ್ಥಿತಿ ಎಲ್ಲ ಕಡೆಗೂ ಒಳ್ಳೆಯದಿತ್ತೆಂದು ಹೇಳುವಂತಿಲ್ಲ. ಹಿತ್ತಲ ಕೋಣೆ, ಕಂಬ, ಸರಪಳಿ ಇವೂ ಆ ಇತಿಹಾಸದ ಭಾಗಗಳೇ.

ಕುಂಪಣಿ ಸರಕಾರವು ಬಂದ ತರುವಾಯ ಮೂರನೆಯ ನೆಲೆಯೊಂದು ಹುಟ್ಟಿತು. ಅದುವೇ ‘ಹುಚ್ಚರ ಆಸ್ಪತ್ರೆ’. ಮುಂಬಯಿ ಇಲಾಖೆಯ ಕನ್ನಡ ಭಾಗಕ್ಕಾಗಿ ಧಾರವಾಡದಲ್ಲಿ ೧೮೪೫ರಲ್ಲಿ ಇಂಥ ಆಲಯವೊಂದು ಸ್ಥಾಪನೆಯಾಯಿತು. ಇಂದು ಅದು ಡಿಮ್ಹಾನ್ಸ್ ಎಂಬ ಹೆಸರಿನ ಬೋಧನಾ ಆಸ್ಪತ್ರೆಯಾಗಿದೆ. ಆ ಕಾಲಕ್ಕೆ ಜತ್ತವು ಡಫಳೆ ಮನೆತನದ ಚಿಕ್ಕ ಸಂಸ್ಥಾನವಾಗಿತ್ತು. ಮುಂದೆ ಅದು ಬಿಜಾಪುರ ಏಜೆನ್ಸಿಗೆ ಒಳಪಟ್ಟಿತು. ಹೀಗಾಗಿ ಧಾರವಾಡ, ಬಿಜಾಪುರ, ಜತ್ತಗಳೆಲ್ಲ ಒಂದೇ ಇಲಾಖೆಯ ಆಡಳಿತದ ನೆರಳಿನಲ್ಲಿದ್ದವು. ಕೊಂಕಣದಲ್ಲಿ ರತ್ನಾಗಿರಿಯ ಆಲಯವು ೧೮೮೬ರಲ್ಲಿಯೂ, ಠಾಣೆಯದು ೧೯೦೧ರಲ್ಲಿಯೂ ಆದವು.

ಈ ಆಲಯಗಳ ಉದ್ದೇಶವು ರೋಗಿಗೆ ಉಪಚಾರ ಮಾಡುವುದಕ್ಕಿಂತ ಹೆಚ್ಚಾಗಿ ಊರಿಗೆ ಉಪದ್ರವವಾಗದಂತೆ ಅವನನ್ನು ಕಾಯುವುದಾಗಿತ್ತು. ೧೮೫೮ರ ಕಾಯದೆಯೂ, ಅದರ ಜಾಗದಲ್ಲಿ ಬಂದ ೧೯೧೨ರ ಕಾಯದೆಯೂ ಇದನ್ನೇ ಸಾರುತ್ತವೆ. ಅಲೆದಾಡುವವನನ್ನು ಪೋಲೀಸರು ಹಿಡಿದು ತರಬೇಕು, ಮ್ಯಾಜಿಸ್ಟ್ರೇಟರು ಆಜ್ಞೆ ಕೊಡಬೇಕು, ಆಮೇಲೆ ದೊಡ್ಡ ಬಾಗಿಲು ಮುಚ್ಚಬೇಕು. ಒಳಗೆ ಹೋಗುವ ದಾರಿಯನ್ನು ಕಾಯದೆಯು ವಿಸ್ತಾರವಾಗಿ ಬರೆದಿತ್ತು. ಹೊರಗೆ ಬಂದವನು ಎಲ್ಲಿ ಇರಬೇಕೆಂಬ ಬಗ್ಗೆ ಅದು ಮೌನ ತಾಳಿತ್ತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, ೧೯೪೬ರಲ್ಲಿ, ಭೋರ್ ಸಮಿತಿಯು ತನ್ನ ವರದಿಯನ್ನಿತ್ತಾಗ ಇಡೀ ದೇಶದ ಮಾನಸಿಕ ಆಸ್ಪತ್ರೆಗಳಲ್ಲಿದ್ದ ಹಾಸಿಗೆಗಳು ಹತ್ತು ಸಾವಿರದಷ್ಟು ಮಾತ್ರ. ನಲವತ್ತು ಕೋಟಿ ಜನರ ದೇಶಕ್ಕೆ ಇದು ಯಾವ ಲೆಕ್ಕ? ರೋಗಿಗಳಲ್ಲಿ ಬಹುಪಾಲು ಜನರು ಆಗಲೂ ತಮ್ಮ ತಮ್ಮ ಊರುಗಳಲ್ಲಿಯೇ, ಯಾವ ನೆರವೂ ಇಲ್ಲದೆ ಬಾಳುತ್ತಿದ್ದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎರಡು ಬದಲಾವಣೆಗಳು ಗೋಡೆಯನ್ನು ಸಡಿಲಿಸಿದವು. ಮೊದಲನೆಯದು ಔಷಧ. ೧೯೫೨ರಲ್ಲಿ ಪ್ಯಾರಿಸಿನ ವೈದ್ಯರು ಕ್ಲೋರ್‌ಪ್ರೋಮಝೀನ್ ಎಂಬ ಔಷಧವು ಚಿತ್ತವಿಭ್ರಮೆಯನ್ನು ತಗ್ಗಿಸುವುದನ್ನು ಕಂಡರು. ಗುಳಿಗೆ ನುಂಗಿ ಮನೆಯಲ್ಲಿರುವುದು ಆಗ ಮೊದಲ ಬಾರಿಗೆ ಸಾಧ್ಯವೆನಿಸಿತು. ಎರಡನೆಯದು ನಮ್ಮ ದೇಶದಲ್ಲಿಯೇ ಹುಟ್ಟಿದ ಒಂದು ವಿಚಾರ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ ಎಂಬವರು ೧೯೫೦ರ ದಶಕದಲ್ಲಿ ರೋಗಿಗಳ ಮನೆಯವರನ್ನು ಬರಮಾಡಿಕೊಂಡು, ಆಸ್ಪತ್ರೆಯ ಅಂಗಳದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಜೊತೆಗೇ ಇರಿಸಿದರು. ಮನೆಯವರು ಆರೈಕೆಯ ರೀತಿಯನ್ನು ಕಣ್ಣಾರೆ ಕಲಿತರು. ರೋಗಿಗಳು ಬೇಗ ಊರಿಗೆ ಮರಳಿದರು. ಗಾಣಗಾಪುರದಲ್ಲಿ ಭಕ್ತಿಯಿಂದ ನಡೆಯುತ್ತಿದ್ದುದನ್ನು ಅಮೃತಸರದಲ್ಲಿ ವಿಜ್ಞಾನವು ಕೈಗೆತ್ತಿಕೊಂಡಿತೆನ್ನಬಹುದು.

ಇನ್ನು ಕನ್ನಡ ನಾಡಿನತ್ತ ಬರೋಣ. ಈ ವಿಷಯದ ಸಂಶೋಧನೆಯಲ್ಲಿ ಕನ್ನಡದ ಹಳ್ಳಿಗಳ ಪಾತ್ರವು ದೊಡ್ಡದೆಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣದ ಸಂಗತಿ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಆರಂಭವಾಯಿತು. ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ೧೯೭೪ರಲ್ಲಿ ಆಸ್ಪತ್ರೆ, ಸಂಸ್ಥೆಗಳೆರಡೂ ಕೂಡಿ ನಿಮ್ಹಾನ್ಸ್ ಎನಿಸಿದವು. ಅದೇ ವೇಳೆಗೆ ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ವಿದ್ವಾಂಸರು ದಕ್ಷಿಣ ಕನ್ನಡದ ಕೋಟ ಗ್ರಾಮದಲ್ಲಿ ಮನೆಮನೆಗೆ ಹೋಗಿ, ಬ್ರಾಹ್ಮಣ, ಬಂಟ, ಮೊಗೇರ ಸಮಾಜಗಳವರನ್ನು ಮಾತನಾಡಿಸಿ, ಹಳ್ಳಿಯಲ್ಲಿ ಮನೋರೋಗವು ಎಷ್ಟಿದೆ, ಜನರು ಪರಿಹಾರಕ್ಕಾಗಿ ಯಾರ ಬಳಿ ಹೋಗುತ್ತಾರೆ ಎಂಬುದನ್ನು ಅರಸಿದರು. ಅವರ ಗ್ರಂಥವು ೧೯೭೬ರಲ್ಲಿ ಪ್ರಕಟವಾಯಿತು. ವೈದ್ಯ, ಮಂತ್ರವಾದಿ, ಪಾತ್ರಿ ಎಂಬ ಬೇರೆ ಬೇರೆ ಬಾಗಿಲುಗಳನ್ನು ಜನರು ತಟ್ಟುತ್ತಿದ್ದರು. ರೋಗಿಯನ್ನು ನೋಡಬೇಕಾದರೆ ಆಸ್ಪತ್ರೆಯ ವಾರ್ಡಿನಲ್ಲಿ ಕುಳಿತರೆ ಸಾಲದು, ಊರಿಗೇ ಹೋಗಬೇಕೆಂಬುದನ್ನು ಈ ಶೋಧವು ತೋರಿಸಿಕೊಟ್ಟಿತು.

ಆ ಮೇಲಿನ ಹೆಜ್ಜೆಗಳು ಒಂದರ ಬೆನ್ನಿಗೊಂದು ಬಂದವು. ೧೯೭೫-೭೬ರಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹತ್ತಿರದ ಸಕಲವಾರ ಗ್ರಾಮದಲ್ಲಿ ಕೇಂದ್ರವೊಂದನ್ನು ತೆರೆದು, ಸಾಮಾನ್ಯ ಆರೋಗ್ಯ ಕಾರ್ಯಕರ್ತರಿಗೆ ಮನೋರೋಗದ ಲಕ್ಷಣಗಳನ್ನು ಕಲಿಸತೊಡಗಿತು. ಇದರ ಬಲದ ಮೇಲೆ ೧೯೮೫ರಿಂದ ೧೯೯೦ರವರೆಗೆ, ಆಗ ಸುಮಾರು ೨೦ ಲಕ್ಷ ಜನಸಂಖ್ಯೆಯಿದ್ದ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗವು ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಔಷಧ ಕೊಡುವ ಆ ಪದ್ಧತಿಯನ್ನು ನೋಡಿಯೇ ೧೯೯೬ರಲ್ಲಿ ಕೇಂದ್ರ ಸರಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಬಳ್ಳಾರಿಯ ಪಾಠವನ್ನು ದೇಶವೇ ಓದಿತೆಂದರೆ ಅತಿಶಯೋಕ್ತಿಯಲ್ಲ.

ಇದಕ್ಕಿಂತ ಚಿಕ್ಕದಾದರೂ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ ಶೋಧವೊಂದುಂಟು. ಪೈ ಮತ್ತು ಕಪೂರ್ ಎಂಬವರು ಬೆಂಗಳೂರಿನಲ್ಲಿ ಸ್ಕಿಜೋಫ್ರೀನಿಯಾ ಎಂಬ ತೀವ್ರ ಚಿತ್ತವೈಕಲ್ಯದ ರೋಗಿಗಳ ಎರಡು ಗುಂಪುಗಳನ್ನು ಹೋಲಿಸಿ ನೋಡಿದರು. ಒಂದು ಗುಂಪಿನವರು ಆಸ್ಪತ್ರೆ ಸೇರಿದರು. ಇನ್ನೊಂದು ಗುಂಪಿನವರು ಮನೆಯಲ್ಲಿಯೇ ಉಳಿದರು. ಅವರ ಮನೆಗೆ ತರಬೇತಾದ ದಾದಿಯೊಬ್ಬಳು ನಿಯಮಿತವಾಗಿ ಹೋಗಿ ಬರುತ್ತಿದ್ದಳು. ೧೯೮೦ರ ದಶಕದ ಆರಂಭದಲ್ಲಿ ಪ್ರಕಟವಾದ ಇದರ ಫಲಿತಾಂಶವು ಹೀಗಿತ್ತು: ಮನೆಯಲ್ಲುಳಿದವರ ರೋಗವು ಹೆಚ್ಚು ತಗ್ಗಿತು, ಅವರ ನಡೆನುಡಿ ಕೆಲಸಗಳು ಹೆಚ್ಚು ಸುಧಾರಿಸಿದವು, ಮನೆಯವರ ಮೇಲಿನ ಭಾರವು ಬಹಳಷ್ಟು ಇಳಿಯಿತು, ಖರ್ಚೂ ಕಡಿಮೆಯಾಯಿತು. ಮನೆಯಲ್ಲಿಟ್ಟುಕೊಂಡರೆ ಮನೆಯವರಿಗೆ ಭಾರವೆಂಬುದು ಎಲ್ಲರ ನಂಬಿಕೆ. ಹೊಸ್ತಿಲಿಗೆ ಬರುವ ಒಬ್ಬ ತಿಳಿದವಳಿದ್ದರೆ ಆ ಭಾರವು ಕಡಿಮೆಯಾಗುತ್ತದೆಂದು ಈ ಶೋಧವು ತಿಳಿಸಿತು. ೨೦೦೪ರ ಸುಮಾರಿಗೆ ಮಲೆನಾಡಿನ ತೀರ್ಥಹಳ್ಳಿ ತಾಲೂಕಿನಲ್ಲಿ ಆರಂಭವಾದ ಕಾರ್ಯವೂ ಇದೇ ದಾರಿಯದು. ಊರಿನಲ್ಲಿಯೇ ಇದ್ದು ಔಷಧವನ್ನು ತಪ್ಪದೆ ಪಡೆದವರ ಅಸಾಮರ್ಥ್ಯವು ಪಡೆಯದವರದಕ್ಕಿಂತ ಕಡಿಮೆಯಾದುದನ್ನು ಅಲ್ಲಿಯ ಸಂಶೋಧಕರು ಕಂಡರು.

ದೇವಸ್ಥಾನದ ಮಾತನ್ನು ಮತ್ತೆ ಎತ್ತಿಕೊಳ್ಳೋಣ. ನಿಮ್ಹಾನ್ಸಿನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಹಳ್ಳಿಯ ಮುತ್ತುಸ್ವಾಮಿ ದೇವಾಲಯದಲ್ಲಿ ತಂಗಿದ ೩೧ ಜನ ರೋಗಿಗಳನ್ನು ಪರೀಕ್ಷಿಸಿದರು. ಅವರ ವಾಸ್ತವ್ಯವು ಸರಾಸರಿ ಆರು ವಾರಗಳದು. ಅಲ್ಲಿ ಔಷಧವಿಲ್ಲ, ಹೊಡೆತವಿಲ್ಲ, ಮಂತ್ರತಂತ್ರದ ವಿಶೇಷ ವಿಧಿಯೂ ಇಲ್ಲ. ಮನೆಯವರೊಬ್ಬರು ಜೊತೆಗಿರುತ್ತಿದ್ದರು. ರೋಗಿಗಳು ಅಂಗಳ ಗುಡಿಸುವುದು, ಗಿಡಗಳಿಗೆ ನೀರು ಹಾಕುವುದು ಮೊದಲಾದ ಕೆಲಸಗಳಲ್ಲಿ ಕೈಗೂಡಿಸುತ್ತಿದ್ದರು. ಇಷ್ಟರಿಂದಲೇ ರೋಗದ ತೀವ್ರತೆಯು ಅಳತೆಯಲ್ಲಿ ನೂರಕ್ಕೆ ಸುಮಾರು ೨೦ರಷ್ಟು ಇಳಿದಿತ್ತು. ೨೦೦೨ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಇದು ಪ್ರಕಟವಾಯಿತು. ಕೈಗೆ ಕೆಲಸ, ತಲೆಗೆ ಸೂರು, ಮಗ್ಗುಲಲ್ಲಿ ತನ್ನವರು ಎಂಬ ಮೂರೂ ಕೂಡಿದರೆ ಎಷ್ಟು ಬಲವೆಂಬುದು ಇಲ್ಲಿ ಕಾಣುತ್ತದೆ. ಆದರೆ ಅದೇ ತಮಿಳುನಾಡಿನ ಏರವಾಡಿಯಲ್ಲಿ ಇದಕ್ಕೆ ತೀರ ವಿರುದ್ಧವಾದುದೂ ನಡೆಯಿತು. ದರ್ಗೆಯ ಆಶ್ರಯದಲ್ಲಿ ಬೆಳೆದಿದ್ದ ಖಾಸಗಿ ಆಲಯವೊಂದರಲ್ಲಿ ೨೦೦೧ನೆಯ ಇಸವಿ ಆಗಸ್ಟ್ ೬ರಂದು ಬೆಂಕಿ ಬಿದ್ದಿತು. ಸರಪಳಿಯಲ್ಲಿ ಬಿಗಿದಿದ್ದ ರೋಗಿಗಳು ಓಡಲಾರದೆ ಹೋದರು. ೨೮ ಜನರು ಬೆಂದು ಸತ್ತರು. ಮನೆಯವರು ದುಡ್ಡು ಕೊಟ್ಟು ಬಿಟ್ಟುಹೋದ ಜಾಗಕ್ಕೂ ಮನೆಯವರು ಜೊತೆಗೆ ಉಳಿದ ಜಾಗಕ್ಕೂ ಇರುವ ಅಂತರವು ಇಷ್ಟು ಭಯಂಕರವಾದುದು.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನೆತ್ತಬಹುದು. ಮನೆಯವರಿದ್ದವರ ಮಾತಾಯಿತು. ಮನೆಯವರೇ ಇಲ್ಲದವರು, ಇದ್ದೂ ಬೇಡವಾದವರು ಏನು ಮಾಡಬೇಕು? ಈ ಆಕ್ಷೇಪವು ನ್ಯಾಯವಾದುದು. ಬೆಲ್ಜಿಯಂ ದೇಶದ ಗೇಲ್ ಎಂಬ ಪಟ್ಟಣವು ಇದಕ್ಕೆ ನೂರಾರು ವರ್ಷಗಳ ಹಿಂದೆಯೇ ಒಂದು ಉತ್ತರವನ್ನಿತ್ತಿದೆ. ಅಲ್ಲಿಯ ಜನರು ಪರವೂರಿನ ಮನೋರೋಗಿಗಳನ್ನು ತಮ್ಮ ಮನೆಗಳಲ್ಲಿರಿಸಿಕೊಂಡು, ಊಟವಿಕ್ಕಿ, ಹೊಲದ ಕೆಲಸಕ್ಕೆ ಕರೆದೊಯ್ಯುತ್ತ ಬಂದಿದ್ದಾರೆ. ೧೯೩೮ರ ಸುಮಾರಿಗೆ ಇಂಥ ಅತಿಥಿಗಳು ಆ ಊರಲ್ಲಿ ಮೂರೂವರೆ ಸಾವಿರಕ್ಕೂ ಮಿಕ್ಕಿದ್ದರು. ಲಂಡನ್ನಿನಲ್ಲಿ ಜೂಲಿಯನ್ ಲೆಫ್ ಮತ್ತು ಸಂಗಡಿಗರು ೧೯೮೫ರಿಂದ, ಮುಚ್ಚಲಿದ್ದ ಎರಡು ಹಳೆಯ ಮನೋರುಗ್ಣಾಲಯಗಳಿಂದ ಊರೊಳಗಿನ ಚಿಕ್ಕ ಮನೆಗಳಿಗೆ ಹೋದ ಸುಮಾರು ೬೭೦ ಜನರನ್ನು ಐದು ವರ್ಷ ಹಿಂಬಾಲಿಸಿ ನೋಡಿದರು. ಅವರು ಬೀದಿಪಾಲಾಗುವರು, ಅಪರಾಧಗಳಲ್ಲಿ ತೊಡಗುವರು ಎಂಬ ಭಯವು ಬಹುಮಟ್ಟಿಗೆ ಹುಸಿಯಾಯಿತು. ಹೆಚ್ಚಿನವರು ಹೊಸ ಮನೆಯಲ್ಲಿಯೇ ಇರಬಯಸಿದರು.

ನ್ಯೂಯಾರ್ಕಿನಲ್ಲಿ ೧೯೯೨ರಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ನಮ್ಮ ಗಾದೆಯ ಗಂಟನ್ನೇ ನೇರವಾಗಿ ಬಿಚ್ಚಿದರು. ಮೊದಲು ರೋಗ ವಾಸಿಯಾಗಲಿ, ಆಮೇಲೆ ಮನೆ ಕೊಡೋಣ ಎಂಬುದು ಅಲ್ಲಿಯ ಪದ್ಧತಿಯಾಗಿತ್ತು. ಅವರು ಅದನ್ನು ತಿರುಗಿಸಿ, ಬೀದಿಯಲ್ಲಿ ಮಲಗುತ್ತಿದ್ದ ಮನೋರೋಗಿಗಳಿಗೆ ಮೊದಲು ಬಾಡಿಗೆ ಮನೆಯ ಕೀಲಿಕೈ ಕೊಟ್ಟರು, ಆಮೇಲೆ ಉಪಚಾರವನ್ನು ಮನೆಗೆ ಕಳಿಸಿದರು. ಐದು ವರ್ಷಗಳ ಲೆಕ್ಕವನ್ನು ೨೦೦೦ದಲ್ಲಿ ಪ್ರಕಟಿಸಿದಾಗ, ಇವರಲ್ಲಿ ನೂರಕ್ಕೆ ೮೮ ಜನರು ಮನೆಯಲ್ಲಿ ನೆಲೆಸಿ ಉಳಿದಿದ್ದರು. ಹಳೆಯ ಪದ್ಧತಿಯಲ್ಲಿ ಉಳಿದವರು ನೂರಕ್ಕೆ ೪೭. ಮನೆಯು ವಾಸಿಯಾದವನಿಗೆ ಕೊಡುವ ಬಹುಮಾನವೆಂದು ತಿಳಿದಿದ್ದವರಿಗೆ, ಅದು ಉಪಚಾರದ ಮೊದಲ ಪಾವಟಿಗೆಯೆಂದು ತೋರಿತು.

ನಮ್ಮ ದೇಶದಲ್ಲಿಯೂ ಈ ದಾರಿ ಬರಿದಾಗಿಲ್ಲ. ಆಸ್ಪತ್ರೆಗೂ ಮನೆಗೂ ನಡುವೆ ಕೆಲವು ತಿಂಗಳು ಇದ್ದು, ಅಡಿಗೆ, ಲೆಕ್ಕ, ಕೆಲಸಗಳನ್ನು ಮತ್ತೆ ರೂಢಿಸಿಕೊಳ್ಳುವ ‘ಹಾಫ್‌ವೇ ಹೋಮ್’ ಅಂದರೆ ನಡುದಾರಿಯ ಮನೆಗಳನ್ನು ಬೆಂಗಳೂರಿನ ಮೆಡಿಕೊ ಪಾಸ್ಟೋರಲ್ ಅಸೋಸಿಯೇಷನ್ ಮೊದಲಿಗರಲ್ಲಿ ಒಂದಾಗಿ ನಡೆಸಿತು. ೧೯೮೬ರಲ್ಲಿ ಅಲ್ಲಿಯೇ ರಿಚ್ಮಂಡ್ ಫೆಲೋಶಿಪ್ ಸೊಸಾಯಿಟಿಯು ಸ್ಥಾಪನೆಯಾಗಿ, ಮುಂದೆ ಶಿಡ್ಲಘಟ್ಟದಂಥ ಹಳ್ಳಿಗಾಡಿಗೂ ಹೋಯಿತು. ಚೆನ್ನೈಯಲ್ಲಿ ೧೯೯೩ರಲ್ಲಿ ಹುಟ್ಟಿದ ‘ದಿ ಬ್ಯಾನಿಯನ್’ ಸಂಸ್ಥೆಯು ೨೦೧೫ರಿಂದ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಉಳಿದವರಿಗಾಗಿ ಸಾಮಾನ್ಯ ಓಣಿಗಳಲ್ಲಿ ಮನೆ ಬಾಡಿಗೆ ಹಿಡಿದು, ನಾಲ್ಕೈದು ಜನರನ್ನು ಒಂದು ಕುಟುಂಬದಂತೆ ಇರಿಸುತ್ತಿದೆ. ಸಹಾಯಕ್ಕೆ ಒಬ್ಬಿಬ್ಬರು ಕಾರ್ಯಕರ್ತೆಯರು ಇರುತ್ತಾರೆ. ಅವರು ಸಂತೆಗೆ ಹೋಗುತ್ತಾರೆ, ನೆರೆಯವರೊಡನೆ ಜಗಳವನ್ನೂ ಸ್ನೇಹವನ್ನೂ ಮಾಡುತ್ತಾರೆ. ನಮ್ಮ ರಾಜ್ಯದ ರತ್ನಾಗಿರಿಯಲ್ಲಿಯೂ ಇಂಥ ಮನೆಗಳಾಗಿವೆ.

ಕಾಯದೆಯು ನಿಧಾನವಾಗಿ ಹಿಂದೆ ಬಂದಿತು. ೧೯೧೨ರ ಕಾಯದೆಯನ್ನು ರದ್ದುಗೊಳಿಸಿದ ೧೯೮೭ರ ಕಾಯದೆಯು ಜಾರಿಗೆ ಬಂದದ್ದು ೧೯೯೩ರಲ್ಲಿ. ಅದೂ ಬಹುಮಟ್ಟಿಗೆ ಆಸ್ಪತ್ರೆಯ ಕಾಯದೆಯೇ. ೨೦೧೭ರಲ್ಲಿ ಸಮ್ಮತಿ ಪಡೆದು ೨೦೧೮ರಲ್ಲಿ ಜಾರಿಯಾದ ಮಾನಸಿಕ ಆರೋಗ್ಯ ಪಾಲನೆಯ ಕಾಯದೆಯಲ್ಲಿ ಹೊಸ ಮಾತು ಬಂದಿತು. ಅದರ ೧೯ನೆಯ ಕಲಮು ಹೇಳುವುದಿಷ್ಟು: ಮನೋರೋಗಿಗೆ ಸಮಾಜದಲ್ಲಿ ಬಾಳುವ ಹಕ್ಕಿದೆ. ಮನೆಯವರಿಲ್ಲ, ಮನೆಯವರು ಒಲ್ಲರು, ಇರಲು ಮನೆಯಿಲ್ಲ ಎಂಬ ಕಾರಣಕ್ಕಾಗಿಯೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಕೂಡದು. ನಡುದಾರಿಯ ಮನೆ, ಗುಂಪುಮನೆಗಳನ್ನು ಏರ್ಪಡಿಸುವುದು ಸರಕಾರದ ಹೊಣೆ. ೯೫ನೆಯ ಕಲಮು ಯಾವ ರೀತಿಯಿಂದಲೂ ಸರಪಳಿ ಹಾಕಕೂಡದೆಂದು ನಿಷೇಧಿಸಿತು. ಆದರೆ ಬರೆದ ಕಾಯದೆಗೂ ಕಟ್ಟಿದ ಮನೆಗೂ ಅಂತರವುಂಟು. ೨೦೧೯ರ ರಾಷ್ಟ್ರೀಯ ವರದಿಯೊಂದರ ಪ್ರಕಾರ ೪೩ ಸರಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದಿಂದ ಇದ್ದವರು ೪,೯೩೫ ಜನ, ಅಂದರೆ ಒಳಗಿದ್ದವರಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿ. ಅದೇ ವರ್ಷ ಜುಲೈಯಲ್ಲಿ, ಗುಣಹೊಂದಿದವರನ್ನು ಮಹಾರಾಷ್ಟ್ರದಲ್ಲಿ ಭಿಕ್ಷುಕರ ಆಲಯಗಳಿಗೂ ವೃದ್ಧಾಶ್ರಮಗಳಿಗೂ ಸಾಗಿಸುತ್ತಿದ್ದುದನ್ನು ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ಹೇಳಬೇಕಾಯಿತು. ಮನೆಯ ಬದಲು ಇನ್ನೊಂದು ಗೋಡೆಯನ್ನು ಕೊಡುವುದು ಹಕ್ಕನ್ನು ಕೊಟ್ಟಂತಾಗದು.

ಇಷ್ಟನ್ನು ತಿಳಿದು ನಮ್ಮ ತಾಲೂಕನ್ನು ನೋಡೋಣ. ೧೯೪೮ರಲ್ಲಿ ಜತ್ತ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಮುಂದೆ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ಆ ಜಿಲ್ಲೆಯೇ ೧೯೬೦ರಲ್ಲಿ ಸಾಂಗಲಿ ಜಿಲ್ಲೆಯೆನಿಸಿತು. ಇದರ ನಡುವೆ ೧೯೫೬ರ ನವೆಂಬರ ೧ರಂದು ರಾಜ್ಯಗಳ ಪುನರ್ರಚನೆಯಾಗಿ ಬಿಜಾಪುರ, ಧಾರವಾಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು, ಜತ್ತವು ಇತ್ತ ಉಳಿಯಿತು. ಧಾರವಾಡದ ಆಸ್ಪತ್ರೆಯು ಅಂದಿನಿಂದ ಪರರಾಜ್ಯದ ಆಸ್ಪತ್ರೆಯಾಯಿತು. ನಮ್ಮ ಸರಕಾರದ ನಾಲ್ಕು ಪ್ರಾದೇಶಿಕ ಮನೋರುಗ್ಣಾಲಯಗಳು ರತ್ನಾಗಿರಿ, ಪುಣೆ, ಠಾಣೆ, ನಾಗಪುರಗಳಲ್ಲಿವೆ. ಮುರಿದ ಕಾಲಿಗೆ ಯಾವ ಭಾಷೆಯ ಡಾಕ್ಟರರು ಪಟ್ಟಿ ಕಟ್ಟಿದರೂ ಎಲುಬು ಕೂಡುತ್ತದೆ. ಮನಸ್ಸಿನ ಬೇನೆ ಹಾಗಲ್ಲ. ಅಲ್ಲಿ ಮಾತೇ ನಾಡಿ. ಕಿವಿಯಲ್ಲಿ ಯಾರೋ ಮಾತಾಡಿದಂತಾಗುತ್ತದೆಂಬುದನ್ನು, ಜೀವ ಬೇಸತ್ತಿದೆಯೆಂಬುದನ್ನು ತಾಯ್ನುಡಿಯಲ್ಲಲ್ಲದೆ ಹೇಳಲು ಬಾರದ ಅಜ್ಜಿಯು ಘಟ್ಟದ ಕೆಳಗೆ ಹೇಗೆ ಹೇಳಿಯಾಳು? ರೋಗಿಗೆ ತಿಳಿಯುವ ಭಾಷೆಯಲ್ಲಿಯೇ ಮಾಹಿತಿಯನ್ನೀಯಬೇಕೆಂದು ೨೦೧೭ರ ಕಾಯದೆಯ ೨೨ನೆಯ ಕಲಮು ಹೇಳುತ್ತದೆ. ಗಡಿನಾಡಿನ ಕನ್ನಡಿಗರು ಈ ಕಲಮನ್ನು ನೆನಪಿನಲ್ಲಿಡತಕ್ಕದ್ದು.

ನಮ್ಮದು ಬರಗಾಲದ ಸೀಮೆ. ದಸರೆಯ ತರುವಾಯ ಎಷ್ಟೋ ಮನೆಗಳವರು ಗಂಟುಮೂಟೆ ಕಟ್ಟಿ ಕಬ್ಬು ಕಡಿಯಲು ಹೋಗುತ್ತಾರೆ. ಮನೆಯಲ್ಲಿ ಬೇನೆಯವನೊಬ್ಬನಿದ್ದರೆ ಅವನು ಮುಪ್ಪಿನ ತಾಯಿಯ ಪಾಲಿಗೆ ಉಳಿಯುತ್ತಾನೆ. ಗುಳಿಗೆ ಮುಗಿದಾಗ ತರುವವರಿಲ್ಲ. ಬೇನೆ ಮರಳುತ್ತದೆ. ಆಗ ಊರವರು, ಇವನಿಗೆ ಎಷ್ಟು ಔಷಧ ಕೊಟ್ಟರೂ ಅಷ್ಟೇ ಎನ್ನುತ್ತಾರೆ. ವಾಸ್ತವವಾಗಿ ಇಲ್ಲಿ ಸೋತದ್ದು ಔಷಧವಲ್ಲ; ಅದನ್ನು ತಂದುಕೊಡುವ ಒಬ್ಬರಿಲ್ಲದ್ದು. ನೆರೆಯ ಸಾತಾರೆಯನ್ನೂ ಗೋವೆ, ತಮಿಳುನಾಡುಗಳನ್ನೂ ಒಳಗೊಂಡು ನಡೆದು ೨೦೧೪ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವು ಈ ‘ಒಬ್ಬರ’ ಬೆಲೆಯನ್ನೇ ಅಳೆಯಿತು. ಸ್ಕಿಜೋಫ್ರೀನಿಯಾ ಇರುವ ೨೮೨ ಜನರಲ್ಲಿ ೧೮೭ ಜನರ ಮನೆಗೆ, ವೈದ್ಯರಲ್ಲದ ಸ್ಥಳೀಯ ಕಾರ್ಯಕರ್ತರು ತರಬೇತಿ ಪಡೆದು ಒಂದು ವರ್ಷ ಹೋಗಿ ಬಂದರು. ಉಳಿದ ೯೫ ಜನರಿಗೆ ಆಸ್ಪತ್ರೆಯ ಉಪಚಾರ ಮಾತ್ರ ದೊರೆಯಿತು. ಮನೆಭೇಟಿ ದೊರೆತವರಲ್ಲಿ ಲಕ್ಷಣಗಳೂ ಅಸಾಮರ್ಥ್ಯವೂ ಸ್ವಲ್ಪ ಹೆಚ್ಚು ಇಳಿದವು. ಲಾಭವು ಸಾಧಾರಣವಾದುದೆಂದು ಸಂಶೋಧಕರೇ ಪ್ರಾಮಾಣಿಕವಾಗಿ ಬರೆದಿದ್ದಾರೆ. ಪವಾಡವಿಲ್ಲ, ಆದರೆ ಲಾಭವುಂಟು. ಅದನ್ನು ಕೊಟ್ಟವರು ದೊಡ್ಡ ಪದವಿಯವರಲ್ಲ, ನಮ್ಮ ನಿಮ್ಮಂಥವರು.

ಆದಕಾರಣ ಶಿಕ್ಷಕಬಂಧುಗಳಲ್ಲಿ ನಮ್ಮ ಅರಿಕೆಯಿಷ್ಟು. ಮನೋರೋಗವನ್ನು ಅಂಗವಿಕಲತೆಗಳ ಪಟ್ಟಿಯಲ್ಲಿ ೧೯೯೫ರ ಕಾಯದೆಯೂ ೨೦೧೬ರ ಕಾಯದೆಯೂ ಸೇರಿಸಿವೆ. ನೂರಕ್ಕೆ ೪೦ ಅಥವಾ ಮೇಲ್ಪಟ್ಟು ಅಸಾಮರ್ಥ್ಯದ ಪ್ರಮಾಣಪತ್ರವಿದ್ದರೆ ಸವಲತ್ತುಗಳಿಗೆ ದಾರಿಯಾಗುತ್ತದೆ. ನಮ್ಮ ರಾಜ್ಯದ ಸಂಜಯ ಗಾಂಧಿ ನಿರಾಧಾರ ಯೋಜನೆಯಿಂದ ವೇತನವೂ ದೊರೆಯಬಹುದು. ಮರಾಠಿಯ ಅರ್ಜಿಯನ್ನು ತುಂಬಲಾರದ ಕನ್ನಡ ಕುಟುಂಬಕ್ಕೆ ಅದನ್ನು ತುಂಬಿಕೊಡುವುದು ಮಾಸ್ತರರಿಂದ ಆಗುವ ಕೆಲಸ. ೨೦೨೨ರಿಂದ ನಡೆಯುತ್ತಿರುವ ಟೆಲಿಮಾನಸ್ ಎಂಬ ದೂರವಾಣಿ ನೆರವಿನ ೧೪೪೧೬ ಎಂಬ ಸಂಖ್ಯೆಗೆ ಹಣ ಬೀಳುವುದಿಲ್ಲ, ಅಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು. ಈ ಸಂಖ್ಯೆಯು ಪ್ರತಿಯೊಂದು ಶಾಲೆಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಇರಲಿ.

ವಿದ್ಯಾರ್ಥಿಗಳಿಗೆ ಹೇಳುವುದು ಇನ್ನೂ ಚಿಕ್ಕದು. ಬೀದಿಯಲ್ಲಿ ತನ್ನಷ್ಟಕ್ಕೆ ಮಾತಾಡುತ್ತ ಹೋಗುವವರ ಹಿಂದೆ ಕೂಗುತ್ತ ಓಡಬೇಡಿರಿ. ಅವರಿಗೂ ಒಂದು ಹೆಸರಿದೆ. ಅದನ್ನು ಕೇಳಿ ತಿಳಿದುಕೊಂಡು, ಕಾಕಾ ಎಂದೋ ಅವ್ವಾ ಎಂದೋ ಕರೆದು ಮಾತಾಡಿಸಿರಿ. ಕೋಟ, ಸಕಲವಾರ, ಬಳ್ಳಾರಿ, ತೀರ್ಥಹಳ್ಳಿಗಳ ಹಾಗೂ ದೂರದ ಗೇಲಿನ ಅನುಭವವನ್ನು ಒಟ್ಟುಗೂಡಿಸಿ ನೋಡಿದರೆ ತಿಳಿಯುವುದಿಷ್ಟೇ: ಔಷಧವನ್ನು ಸರಕಾರವು ಕಳಿಸಬಹುದು, ಮನೆಯನ್ನು ಕಾಯದೆಯು ಕೊಡಿಸಬಹುದು, ಆದರೆ ಆ ಮನೆಯಿರುವ ಓಣಿಯು ನಮ್ಮದೇ ಆಗಿರುತ್ತದೆ.